ಅರ್ಥ ಮಾಡಿಕೊಂಡು ಮುಟ್ಟಿ

ಅತ್ತೆ ಓದಲಿ ಅಂತ ಅಳಿಯ ಬೋರ್ಡು ಬರೆದು ನೇತುಹಾಕಿದ್ದನ್ನು ನೀವೆಲ್ಲಾದರೂ ಕೇಳಿದ್ದೀರಾ? ನಾನು ಕೇಳಿರಲಿಲ್ಲ, ಕಣ್ಣಾರೆ ಕಂಡೆ. ಅದೂ ಕನ್ನಡದಲ್ಲಿ. ಮೈಸೂರಿನ ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಕನ್ನಡ ಪಾಠ ಹೇಳಿ ರಿಟೈರಾದ ವಸಂತಲಕ್ಷ್ಮಿ ಎಂಬ ನನಗೆ, ಕನ್ನಡದಲ್ಲಿ ಬೋರ್ಡು!

ಮೊದಲಿಂದ ಹೇಳುತ್ತೇನೆ. ಮಗಳು ಯಾಮಿನಿ, ಅಳಿಯ ಧನಂಜಯ, ಇಬ್ಬರೂ ಸಿಯಾಟಲ್ ಹತ್ತಿರ ಮಿಲ್ ಕ್ರೀಕ್‌ನಲ್ಲಿ ಮನೆ ಮಾಡಿದ್ದಾರೆ. ಕೆಲಸ ರೆಡ್ಮಂಡ್‌ನಲ್ಲಿ. ಬೆಳಗ್ಗೆ ಒಂದೇ ಕಾರಿನಲ್ಲಿ ಹೊರಟರೆ ಬರುವುದು ಕತ್ತಲಾದ ಮೇಲೆ. ಆ ಊರಿನಲ್ಲಿ ಡಿಸೆಂಬರ್ ತಿಂಗಳಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತದೆ, ಆ ಮಾತು ಬೇರೆ. ನಾನು ನವೆಂಬರ್‌ನಲ್ಲಿ ಹೋಗಿದ್ದೆ, ಏಪ್ರಿಲ್ ತನಕ ಇರುವುದು ಅಂತ ಟಿಕೆಟ್ಟಾಗಿತ್ತು. ನಮ್ಮ ಯಜಮಾನರು ಅಶ್ವತ್ಥನಾರಾಯಣ, ಕೆ.ಇ.ಬಿ.ಯಲ್ಲಿ ಇಂಜಿನಿಯರಾಗಿದ್ದವರು, 'ಆ ಚಳಿಗೆ ನನ್ನ ಮಂಡಿ ತಡಿಯಲ್ಲ, ನೀನು ಹೋಗಿ ಬಾ' ಎಂದು ಮೈಸೂರಿನಲ್ಲೇ ಉಳಿದರು. ಮಂಡಿ ಅನ್ನುವುದು ನೆಪ. ಕ್ಲಬ್ಬಿನ ಇಸ್ಪೀಟು ಬಿಟ್ಟು ಬರಲಾರರು ಅನ್ನುವುದು ಇಡೀ ಸರಸ್ವತೀಪುರಕ್ಕೆ ಗೊತ್ತು.

ಧನಂಜಯ ಒಳ್ಳೆಯ ಹುಡುಗ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬಯ್ಯುವುದು ಬೇಕಾದಷ್ಟಿದೆ. ಮದುವೆಯಾದಾಗಿನಿಂದ ಅವನನ್ನು ನಾನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. 'ಬನ್ನಿ, ಕೂತ್ಕೊಳ್ಳಿ, ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ಳಿ.' ನಮ್ಮ ಕಡೆ ಅಳಿಯಂದಿರೆಂದರೆ ಹಾಗೇ. ಅವನೂ 'ಅತ್ತೆ, ನೀವು' ಎನ್ನುವವನೇ. ಹೀಗೆ ಬಹುವಚನದ ಬೇಲಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ಇಷ್ಟು ವರ್ಷ ಸೌಖ್ಯವಾಗಿದ್ದೆವು. ಮನಸ್ಸಿನಲ್ಲಿ ಬಯ್ಯುವಾಗ ಮಾತ್ರ ನನಗೆ ಏಕವಚನವೇ ಸಲೀಸು. ಇಲ್ಲಿ ಬರೆಯುವಾಗಲೂ ಹಾಗೇ ಬರೆಯುತ್ತೇನೆ, ಏನಂದುಕೊಂಡರೂ ಸರಿ.

ಅವನಿಗೆ ಇರುವುದೊಂದೇ ಹುಚ್ಚು, ಹಾಡು ಕೇಳುವ ಯಂತ್ರಗಳದು. ಹಾಲಿನಲ್ಲಿ ದೇವರ ಮಂಟಪದಂಥ ಒಂದು ಸ್ಟ್ಯಾಂಡು. ಅದರ ಮೇಲೆ ರೆಕಾರ್ಡು ಹಾಕುವ ಟರ್ನ್‌ಟೇಬಲ್ಲು, ಪಕ್ಕದಲ್ಲಿ ಆಂಪ್ಲಿಫೈಯರ್ರು, ಎಡಕ್ಕೂ ಬಲಕ್ಕೂ ನನ್ನ ಎದೆಯೆತ್ತರದ ಸ್ಪೀಕರುಗಳು, ಜಯವಿಜಯರ ಹಾಗೆ. ದೇವರ ಮನೆಯನ್ನು ದಿನಸಿ ಇಡುವ ಪ್ಯಾಂಟ್ರಿಯ ಮೂಲೆಗೆ ತಳ್ಳಿ ಇದನ್ನು ನಡುಮನೆಯಲ್ಲಿ ಕೂರಿಸಿದ್ದಾರೆ. ಇರಲಿ. ನಾನು ಹೊರಡುವ ಮುಂಚೆ ಫೋನಿನಲ್ಲಿ ಅವನೇ ಕೇಳಿದ್ದ: "ಅತ್ತೆ, ನಿಮ್ಮನೇಲಿ ಹಳೇ ರೆಕಾರ್ಡ್ಸ್ ಇದಾವಂತೆ, ತರ್ತೀರಾ?"

ಇದ್ದವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೊಂದಾಗಿ ಕೊಂಡಿದ್ದವು, ವೀಣೆಯವು, ದೇವರನಾಮದವು. ನಮ್ಮ ಪ್ಲೇಯರು ಕೆಟ್ಟು, ಅದರ ಮುಳ್ಳು ಎಲ್ಲೂ ಸಿಗದೆ, ರೆಕಾರ್ಡುಗಳು ಅಟ್ಟ ಸೇರಿ ಎಷ್ಟೋ ವರ್ಷವಾಗಿತ್ತು. ಅವನ್ನು ಒರೆಸಿ, ಸೀರೆಗಳ ಮಡಿಕೆಯಲ್ಲಿ ಇಟ್ಟು, ತೂಕ ಸರಿಹೋಗಲಿ ಅಂತ ಚಟ್ನಿಪುಡಿಯನ್ನು ಅರ್ಧಕ್ಕೆ ಇಳಿಸಿ ತಂದೆ. ಚಟ್ನಿಪುಡಿ ಕಮ್ಮಿಯಾಯಿತೆಂದು ಯಾಮಿನಿ ಇವತ್ತಿಗೂ ಮುಖ ಊದಿಸಿಕೊಳ್ಳುತ್ತಾಳೆ.

ನನ್ನ ಆಸೆ ಇಷ್ಟೇ. ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ, ಆ ದೊಡ್ಡ ಮನೆಯಲ್ಲಿ ಕೂತು, ನನ್ನ ರೆಕಾರ್ಡನ್ನು ನಾನೇ ಹಾಕಿಕೊಂಡು ಕೇಳಬೇಕು. ಯಾರನ್ನೂ ಕೇಳದೆ. ಮಗಳ ಮನೆಯಲ್ಲಿ ಹೀಟರು ಏರಿಸಬೇಕಾದರೆ ಕೇಳಬೇಕು, ಒಲೆ ಹಚ್ಚಿದರೆ ಫ್ಯಾನು ಹಾಕಿದೆಯಾ ಅಂತ ಕೇಳಿಸಿಕೊಳ್ಳಬೇಕು, ಹಿಂದಿನ ಬಾಗಿಲು ತೆಗೆದರೆ ಅಲಾರ್ಮು ಬಡಿದುಕೊಳ್ಳುತ್ತದೆ. ಒಂದಾದರೂ ವಸ್ತುವನ್ನು ನನ್ನಿಷ್ಟಕ್ಕೆ ಮುಟ್ಟಿದರೆ ಅದು ನನಗೂ ಮನೆ. ಇಲ್ಲದಿದ್ದರೆ ನಾನು ಆರು ತಿಂಗಳ ನೆಂಟಳು, ಅಷ್ಟೇ.

ಒಂದು ಭಾನುವಾರ ಧನಂಜಯ ಎಲ್ಲ ತೋರಿಸಿಕೊಟ್ಟ. ಮಾರನೆಯ ದಿನ ಅವರ ಕಾರು ಹೊರಟದ್ದೇ ತಡ, ನಾನು ಅಡಿಗೆಮನೆಯಿಂದ ಸರಭರ ಬಂದೆ. ಮೈಮೇಲೆ ಸಿಂಥೆಟಿಕ್ ಸೀರೆ, ಕಾಲಿಗೆ ಯಾಮಿನಿ ಕೊಡಿಸಿದ ಉಣ್ಣೆಯ ಸಾಕ್ಸು, ಕೆಳಗೆ ದಪ್ಪ ಕಾರ್ಪೆಟ್ಟು. ಹೊರಗೆ ಮೂರು ಹೊತ್ತೂ ಜಿಟಿಜಿಟಿ ಮಳೆ, ಒಳಗೆ ಮಾತ್ರ ನೆಲದ ಜಾಲರಿಯಿಂದ ಬಿಸಿಗಾಳಿ ಬಂದು ಬಂದು ತುಟಿ ಒಡೆಯುವಷ್ಟು ಒಣಗಿರುತ್ತದೆ. ರೆಕಾರ್ಡು ಇಟ್ಟೆ, ತಿರುಗಿಸಿದೆ, ಮುಳ್ಳಿನ ಕೈ ಎತ್ತಲು ಬೆರಳು ಹತ್ತಿರ ತಂದೆ.

ಪಟ್!

ಬೆರಳ ತುದಿಯಲ್ಲಿ ಕಿಡಿ ಹಾರಿತು. ಎರಡೂ ಸ್ಪೀಕರುಗಳು ಒಟ್ಟಿಗೆ 'ಧಡ್' ಎಂದವು. ಆಂಪ್ಲಿಫೈಯರಿನ ಹಸಿರು ದೀಪ ಕೆಂಪಾಗಿ, ಆಮೇಲೆ ಎಲ್ಲ ಸ್ತಬ್ಧ. "ಅಯ್ಯೋ ರಾಮಾ!" ಎಂದು ಚೀರಿ ಸೋಫಾದ ಮೇಲೆ ಕೂತುಬಿಟ್ಟೆ. ಅಳಿಯನ ಪ್ರಾಣವನ್ನೇ ಕೊಂದುಹಾಕಿದೆನಲ್ಲಾ ಎಂದು ಸಂಜೆಯ ತನಕ ಕಾರಿನ ಸದ್ದಿಗೇ ಕಾದೆ.

ಬಂದವನು ಸ್ವಿಚ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದ. ಹಸಿರು ದೀಪ ಬಂತು. "ಏನೂ ಆಗಿಲ್ಲ ಅತ್ತೆ, ಬರೀ ಸ್ಟ್ಯಾಟಿಕ್ಕು. ಚಳಿಗಾಲದಲ್ಲಿ ಈ ಮನೇಲಿ ಎಲ್ರಿಗೂ ಹೊಡೆಯುತ್ತೆ. ನಾನೊಂದು ವ್ಯವಸ್ಥೆ ಮಾಡ್ತೀನಿ ಬಿಡಿ" ಎಂದ.

ಬೆಳಗ್ಗೆ ಎದ್ದು ನೋಡುತ್ತೇನೆ, ವ್ಯವಸ್ಥೆ ತಯಾರಾಗಿದೆ. ಸ್ಟ್ಯಾಂಡಿನ ಅಂಚಿಗೆ ರಟ್ಟಿನ ಬೋರ್ಡು. ಅದರಲ್ಲಿ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರದಲ್ಲಿ: 'ದಯವಿಟ್ಟು ಮುಟ್ಟುವ ಮುಂಚೆ ಅರ್ಥ ಮಾಡಿಕೊಳ್ಳಿ.'

ಮೈಯೆಲ್ಲ ಉರಿದುಹೋಯಿತು. ಅರ್ಥ ಮಾಡಿಕೊಳ್ಳಿ! ಅಂದರೆ ಏನು, ನಿಮ್ಮಂಥ ದಡ್ಡರಿಗೆ ಇದೆಲ್ಲ ತಿಳಿಯುವುದಿಲ್ಲ, ಕೈ ಹಚ್ಚಬೇಡಿ ಅಂತ ತಾನೇ? 'ಅರ್ಥ ಮಾಡಿಕೊಳ್ಳದೆ ಉರು ಹೊಡೀಬೇಡಿ' ಎಂದು ಸಾವಿರಾರು ಮಕ್ಕಳ ಕಿವಿ ಹಿಂಡಿದವಳು ನಾನು. ನನಗೆ ಇವನು ಅರ್ಥದ ಪಾಠ ಹೇಳುತ್ತಾನೆ! 'ದಯವಿಟ್ಟು' ಬೇರೆ ಕೇಡು. ಬೋರ್ಡಿನ ಕೆಳಗೆ ಒಂದು ತಾಮ್ರದ ಉದ್ಧರಣೆ ನೇತಾಡುತ್ತಿತ್ತು. ಸಂಧ್ಯಾವಂದನೆಯಲ್ಲಿ ನೀರು ತೆಗೆಯುವ ಪುಟ್ಟ ಸೌಟು ಅದು, ಅವನ ಉಪನಯನದ್ದೇ ಇರಬೇಕು. ಅದರ ಕತ್ತಿಗೆ ಹಸಿರು ತಂತಿ ಬಿಗಿದು, ತಂತಿಯ ಇನ್ನೊಂದು ತುದಿಯನ್ನು ಗೋಡೆಯ ಸ್ವಿಚ್‌ಬೋರ್ಡಿನ ಸ್ಕ್ರೂಗೆ ಸುತ್ತಿದ್ದ. ದೇವರ ಸಾಮಾನನ್ನು ಹೀಗೆ ಗೋಳುಹೊಯ್ದುಕೊಳ್ಳುವ ಭಂಡನಿಗೆ ಅತ್ತೆಯ ಮರ್ಯಾದೆ ಯಾವ ಲೆಕ್ಕ ಎಂದುಕೊಂಡೆ. ರೆಕಾರ್ಡುಗಳನ್ನು ಎತ್ತಿ ಮತ್ತೆ ಸೂಟ್‌ಕೇಸಿನೊಳಗೆ ಇಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಅವನೇ ಮಾತು ತೆಗೆದ. "ಅತ್ತೆ, ಇವತ್ತು ಹಾಕಿದ್ರಾ ರೆಕಾರ್ಡು?"

"ಇಲ್ಲಪ್ಪ" ಎಂದೆ. "ಬೋರ್ಡು ನೋಡಿದೆ. ಅದೇನೋ ಬರ್ದಿದೀರಲ್ಲ, ಅದು ನನ್ನ ಕೈಲಿ ಆಗುತ್ತೋ ಇಲ್ವೋ ಅಂತ."

"ಅಯ್ಯೋ, ಅದೇನ್ ಮಹಾ ಅತ್ತೆ! ಒಂದು ಸೆಕೆಂಡಿನ ಕೆಲಸ."

"ಒಂದು ಸೆಕೆಂಡಿನಲ್ಲಿ ಆಗಿಬಿಡುತ್ತಾ?"

"ಆಗುತ್ತೆ. ಸಾಕ್ಸ್ ಬಿಚ್ಚಿದ್ರೆ ಇನ್ನೂ ಬೇಗ ಆಗುತ್ತೆ."

ಕೇಳಿದಿರಾ? ಸಾಕ್ಸು ಬಿಚ್ಚಿದರೆ ಬೇಗ ಅರ್ಥವಾಗುತ್ತದಂತೆ! ನನಗೆ ಬುದ್ಧಿ ಕಾಲಿನಲ್ಲಿದೆ ಎಂದು ಮುಖದ ಮೇಲೆ ಹೇಳುತ್ತಿದ್ದಾನೆ, ಅದೂ ನಾನೇ ಮಾಡಿದ ಹುಳಿಯನ್ನು ಸುರಿದುಕೊಂಡು.

"ಹಾಗಾದ್ರೆ ನಮ್ಮ ಯಾಮಿನಿಗೆ ಆಗಿದೆಯಾ?" ಎಂದೆ, ಹಲ್ಲು ಕಚ್ಚಿಕೊಂಡು.

"ಎಲ್ಲಿ ಅತ್ತೆ! ಎಷ್ಟು ಸಲ ಹೇಳಿದೀನಿ, ಅವಳು ಕೇಳೋದೇ ಇಲ್ಲ. ಹಾಗೇ ಹೋಗಿ ಮುಟ್ತಾಳೆ. ನೀವು ಮೇಷ್ಟ್ರು, ಒಂದ್ಸಲ ಹೇಳಿದ್ರೆ ಸಾಕು" ಎಂದು ನಕ್ಕ. "ಕಾಟನ್ ಸೀರೆ ಉಟ್ಕೊಂಡ್ರಂತೂ ಯೋಚ್ನೇನೇ ಇಲ್ಲ."

ಯಾಮಿನಿಯೂ ಕಿಸಿಕಿಸಿ ನಕ್ಕಳು. ನಾನು "ಮಜ್ಜಿಗೆ ಹಾಕಿಸ್ಕೊಳ್ಳಿ" ಎಂದು ಅಳಿಯನ ತಟ್ಟೆಗೆ ಬಡಿಸಿ ಎದ್ದೆ. ಬಹುವಚನ ತಪ್ಪಲಿಲ್ಲ.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ನಾನು ಏನನ್ನೂ ಮುಟ್ಟಲಿಲ್ಲ. ಟೀವಿ ಮುಟ್ಟಲಿಲ್ಲ, ಹೀಟರು ಮುಟ್ಟಲಿಲ್ಲ. ಚಳಿಯಾದರೆ ಶಾಲು ಹೊದ್ದು ಕೂತೆ. ಕಿಟಕಿಯಾಚೆ ಎದುರು ಮನೆಯ ಗ್ಯಾರೇಜ್ ಬಾಗಿಲು ಏಳುವುದು ಬೀಳುವುದು ನೋಡುತ್ತಾ ಹೊತ್ತು ಕಳೆದೆ. ಸ್ಪೀಕರುಗಳೂ ನಾನೂ ಎದುರು ಬದುರು, ಯಾರೊಬ್ಬರೂ ತುಟಿ ಪಿಟಕ್ ಅನ್ನಲಿಲ್ಲ. ನಿಜ ಹೇಳುತ್ತೇನೆ, ಸಿಟ್ಟು ಮೊದಲೆರಡು ದಿನ. ಆಮೇಲೆ ಉಳಿದದ್ದು ದುಃಖ. ಇದು ನನ್ನ ಮಗಳ ಮನೆಯಲ್ಲ, ಯಾರದೋ ಮನೆ ಅನ್ನಿಸಿತು.

ಒಂದು ಸಂಜೆ ಯಾಮಿನಿ ಒಬ್ಬಳೇ ಸಿಕ್ಕಾಗ ಹೇಳಿದೆ: "ಸಂಕ್ರಾಂತಿ ಆದ್ಮೇಲೆ ನನ್ನ ಟಿಕೆಟ್ ಹಾಕಿಸಿಬಿಡು. ನಿಮ್ಮಪ್ಪಂಗೆ ಒಬ್ರಿಗೇ ಕಷ್ಟ ಆಗ್ತಿದೆಯಂತೆ."

ಅವಳು ಕೈಯಲ್ಲಿದ್ದ ಲ್ಯಾಪ್‌ಟಾಪ್ ಬ್ಯಾಗನ್ನು ಕೆಳಗಿಡುವುದನ್ನೂ ಮರೆತು ನಿಂತಳು. "ಏಪ್ರಿಲ್ ತನಕ ಇರ್ತೀನಿ ಅಂದಿದ್ದೆಯಲ್ಲಮ್ಮ" ಎಂದಳು. ಮೂಗು ಕೆಂಪಗಾಯಿತು. ಚಿಕ್ಕವಳಿದ್ದಾಗಿನಿಂದ ಅಳು ಬರುವ ಮುಂಚೆ ಅವಳಿಗೆ ಮೂಗು ಕೆಂಪಗಾಗುತ್ತದೆ. ನಾನು ನೋಡಿಯೂ ನೋಡದವಳಂತೆ ಕುಕ್ಕರು ಏರಿಸಲು ಹೋದೆ.

ಮಾರನೆಯ ಬೆಳಗ್ಗೆ ಅವರು ಕೆಲಸಕ್ಕೆ ಹೊರಟ ಮೇಲೆ ಯಜಮಾನರ ಫೋನು. ಅಲ್ಲಿ ರಾತ್ರಿ, ಕ್ಲಬ್ಬಿನಿಂದ ಬಂದು ಊಟ ಮುಗಿಸಿದ್ದರು.

"ಏನೇ ಇದು? ನನಗೆ ಕಷ್ಟ ಅಂತ ಮಗಳ ಹತ್ರ ಹೇಳಿದೀಯಂತೆ? ಆರಾಮಾಗಿದೀನಲ್ಲೇ. ಇವತ್ತು ಆಟದಲ್ಲಿ ಗೆದ್ದಿದೀನಿ ಬೇರೆ. ಯಾಮಿನಿ ಫೋನಲ್ಲಿ ಅತ್ತುಬಿಟ್ಟಳು, ಏನು ವಿಷಯ?"

ತಡೆದುಕೊಂಡಿದ್ದೆಲ್ಲ ಉಕ್ಕಿತು. ಕಿಡಿ ಹಾರಿದ್ದು, ಬೋರ್ಡು, ಸಾಕ್ಸು, ಕಾಟನ್ ಸೀರೆ, ಎಲ್ಲ ಹೇಳಿದೆ. "ನಾನೇನು ಬುದ್ಧಿಯಿಲ್ಲದವಳಾ? ಅರ್ಥ ಮಾಡ್ಕೊಂಡು ಮುಟ್ಟಬೇಕಂತೆ. ಇವನ ಮನೆ ಇವನಿಗಿರಲಿ, ನಾನು ಬರ್ತೀನಿ" ಎಂದೆ. ಕೊನೆಗೆ ನನಗೂ ಅಳು ಬಂತು.

"ಆ ಬೋರ್ಡಿನ ಫೋಟೋ ಕಳಿಸು" ಎಂದರು. ಕಳಿಸಿದೆ. ಉದ್ಧರಣೆಯೂ ತಂತಿಯೂ ಅದರಲ್ಲಿ ಬಂದಿತ್ತು. ನೋಡಿದವರು ಮೊದಲು ಕೆಮ್ಮಿದರು. ಆಮೇಲೆ ಆ ಮನುಷ್ಯ ನಕ್ಕ ನಗು! ಪಕ್ಕದ ಮನೆಯವರು ಎದ್ದು ಬಂದಿರಬೇಕು.

"ಏನ್ರೀ ನಗು?"

"ವಸಂತಾ, ಅದು ಅರ್ಥ ಅಲ್ಲ ಕಣೇ, ಅರ್ಥ್! ಅರ್ಥಿಂಗು! ಇಷ್ಟು ವರ್ಷ ಕೆ.ಇ.ಬಿ.ಯವನ ಜೊತೆ ಸಂಸಾರ ಮಾಡಿ ನಿನಗೆ ಅರ್ಥ್ ಅಂದ್ರೆ ಅರ್ಥ ಆಗಲಿಲ್ವಲ್ಲೇ! ಮೈಯಲ್ಲಿ ಸೇರ್ಕೊಂಡಿರೋ ಕರೆಂಟು ನೆಲಕ್ಕೆ ಇಳೀಲಿ ಅಂತ ತಂತಿ ಕಟ್ಟಿದಾನೆ ಹುಡುಗ. ಆ ಉದ್ಧರಣೆ ಮುಟ್ಟಿ ಆಮೇಲೆ ಯಂತ್ರ ಮುಟ್ಟು ಅಂತ ಬರೆದಿದಾನೆ. 'ಥ'ಗೆ ಅರ್ಧಾಕ್ಷರ ಹಾಕೋದು ಮರೆತಿದಾನೆ, ಅಷ್ಟೇ."

ನಾನು ಫೋನು ಹಿಡಿದುಕೊಂಡೇ ಬೋರ್ಡಿನ ಮುಂದೆ ಹೋಗಿ ನಿಂತೆ. ಹೌದು, ಒಂದು ಅರ್ಧಾಕ್ಷರ. ಆ ಗುರುತೊಂದು ಇಲ್ಲದ್ದಕ್ಕೆ ನಾನು ಸಂಕ್ರಾಂತಿಗೇ ಗಂಟುಮೂಟೆ ಕಟ್ಟುತ್ತಿದ್ದೆ.

"ನಾನು ಓದಿದ್ದು ಸರಿಯಾಗೇ ಇದೆ, ಅವನು ಬರೆದಿದ್ದು ತಪ್ಪು" ಎಂದೆ, ಸೋಲಬಾರದಲ್ಲ.

"ಆಯ್ತು ಮೇಷ್ಟ್ರಮ್ಮ, ನಿಂದೇ ಸರಿ. ಈಗ ಸಾಕ್ಸ್ ಬಿಚ್ಚು" ಎಂದು ನಗುತ್ತಲೇ ಫೋನಿಟ್ಟರು.

ಬೋರ್ಡನ್ನು ಮತ್ತೆ ಓದಿದೆ, ಈ ಸಲ ಮೇಷ್ಟರ ಹಾಗೆ ಪದ ಪದ ಬಿಡಿಸಿ. 'ಮುಟ್ಟುವ ಮುಂಚೆ.' ಅಂದರೆ ಮುಟ್ಟಬೇಡಿ ಅಂತಲ್ಲ, ಮುಟ್ಟುತ್ತೀರಿ ಅಂತ. ನಾನು ಮುಟ್ಟಿಯೇ ಮುಟ್ಟುತ್ತೇನೆ ಎಂದು ಅವನು ಅಂದುಕೊಂಡೇ ಬರೆದಿದ್ದ. ಆಮೇಲೆ ಇನ್ನೊಂದು ಹೊಳೆಯಿತು. ನಮ್ಮ ಯಾಮಿನಿ ಕಾನ್ವೆಂಟಿನವಳು, ಕನ್ನಡದ ಬಸ್ ಬೋರ್ಡು ಓದುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಅವನಿಗೆ ಬೇಕಾಗಿದ್ದರೆ ಇಂಗ್ಲಿಷಿನಲ್ಲಿ ಗೀಚಿ ಅಂಟಿಸುತ್ತಿರಲಿಲ್ಲವೇ? ಆ ಮನೆಯಲ್ಲಿ ಕನ್ನಡ ಸರಾಗವಾಗಿ ಓದುವವಳು ನಾನೊಬ್ಬಳೇ. ನನಗೋಸ್ಕರ, ನನ್ನೊಬ್ಬಳಿಗೋಸ್ಕರ, ಆ ಗುಬ್ಬಿ ಕಾಲುಗಳನ್ನು ಒಂದೊಂದಾಗಿ ಮೂಡಿಸಿದ್ದ. ನನಗೆ ನಾಚಿಕೆಯಾಯಿತು.

ಕಾಟನ್ ಸೀರೆ ಉಟ್ಟೆ. ಸಾಕ್ಸು ಬಿಚ್ಚಿದೆ. ಉದ್ಧರಣೆಯನ್ನು ಬೆರಳಲ್ಲಿ ಮುಟ್ಟಿದೆ, 'ಚಟ್' ಅಂತ ಚಿಕ್ಕದೊಂದು ಸದ್ದು, ಇರುವೆ ಕಚ್ಚಿದಷ್ಟು. ಆಮೇಲೆ ಮುಳ್ಳಿನ ಕೈ ಎತ್ತಿ ಇಟ್ಟೆ. ಅದು ಒಳ್ಳೆಯ ಮಗುವಿನ ಹಾಗೆ ಸುಮ್ಮನೆ ಕೂತಿತು. ಸ್ವಲ್ಪ ಹೊತ್ತು ಸರಸರ ಸದ್ದು, ಆಮೇಲೆ ವೀಣೆ. ಮೊದಲ ಮೀಟಿಗೇ ನನ್ನ ಕಣ್ಣು ತುಂಬಿತು. ನೆಲದ ಮೇಲೆ ಕಾಲು ಚಾಚಿ ಕೂತು ರೆಕಾರ್ಡಿನ ಎರಡೂ ಕಡೆ ಕೇಳಿದೆ. ಹೀಟರನ್ನೂ ಏರಿಸಿದೆ, ಯಾರನ್ನೂ ಕೇಳಲಿಲ್ಲ. ರೆಕಾರ್ಡುಗಳೆಲ್ಲ ಸೂಟ್‌ಕೇಸಿನಿಂದ ಹೊರಗೆ ಬಂದವು. ಕೊನೆಗೆ ಮೇಜಿನಲ್ಲಿದ್ದ ಕೆಂಪು ಪೆನ್ನು ಹುಡುಕಿ ತಂದು, ಬೋರ್ಡಿನಲ್ಲಿ 'ಥ'ವನ್ನು 'ಥ್' ಮಾಡಿ, ಮೂಲೆಯಲ್ಲಿ '೧೦ಕ್ಕೆ ೯' ಎಂದು ಬರೆದು ಸುತ್ತು ಹಾಕಿದೆ.

ಸಂಜೆ ಕಾರು ಬಂದಾಗಲೂ ವೀಣೆ ನಡೆಯುತ್ತಲೇ ಇತ್ತು. ಬಾಗಿಲು ತೆಗೆದವರು ಇಬ್ಬರೂ ಹೊಸ್ತಿಲಲ್ಲೇ ನಿಂತರು. ಟಿಕೆಟ್ಟಿನ ವಿಷಯ ಅವನಿಗೂ ಗೊತ್ತಾಗಿತ್ತು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು, ಬೆಳಗ್ಗೆಯಿಂದ ಊಟ ಮಾಡಿರದ ಮುಖ. ಅದು ಈಗ ದೀಪ ಹಚ್ಚಿದ ಹಾಗಾಯಿತು.

"ಅತ್ತೆ, ಹಾಕಿದ್ರಾ! ತಡೀರಿ, ಸ್ವಲ್ಪ ಸೌಂಡ್ ಜಾಸ್ತಿ ಮಾಡ್ತೀನಿ" ಎನ್ನುತ್ತಾ, ಶೂ ಕಳಚಿ, ಉಣ್ಣೆಯ ಜಾಕೆಟ್ಟಿನಲ್ಲೇ, ಸಾಕ್ಸು ಕಾಲಲ್ಲಿ ಕಾರ್ಪೆಟ್ಟು ಉಜ್ಜಿಕೊಂಡು ಓಡಿಬಂದ. ಕೈ ನೆಟ್ಟಗೆ ಆಂಪ್ಲಿಫೈಯರಿನ ಹತ್ತಿರ ಹೋಯಿತು.

"ಏಯ್ ಪೆದ್ದೇ! ಅರ್ಥ್ ಮಾಡ್ಕೊಂಡು ಮುಟ್ಟೋ!" ಎಂದು ಚೀರಿದೆ.

ಪಟ್! ಧಡ್! ಕೆಂಪು ದೀಪ. ವೀಣೆ ನಿಂತಿತು.

ಯಾಮಿನಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನನಗೆ ಆಗ ಗೊತ್ತಾಯಿತು ಏನಂದೆ ಅಂತ. ಅಳಿಯನನ್ನು 'ಮುಟ್ಟೋ' ಎಂದಿದ್ದೆ. 'ಪೆದ್ದೇ' ಎಂದಿದ್ದೆ. ಇಷ್ಟು ವರ್ಷ ಮನಸ್ಸಿನೊಳಗೆ ಬಚ್ಚಿಟ್ಟಿದ್ದ ಏಕವಚನ ಹೊರಗೆ ಬಂದುಬಿಟ್ಟಿತ್ತು.

ಅವನು ಬೆರಳು ಚೀಪಿಕೊಳ್ಳುತ್ತಾ ತಿರುಗಿದ. "ಅತ್ತೆ, ನನ್ನ 'ಪೆದ್ದೇ' ಅಂದ್ರಾ?"

"ಬಾಯಿ ತಪ್ಪಿ..." ಎಂದೆ.

"ಅಯ್ಯೋ, ಅನ್ನಿ ಅತ್ತೆ, ಇನ್ನೊಂದ್ಸಲ ಅನ್ನಿ! ನೀವು ನನ್ನ 'ಬನ್ನಿ, ಕೂತ್ಕೊಳ್ಳಿ' ಅಂತಿದ್ರೆ ನನಗೆ ಯಾವಾಗ್ಲೂ ಪಕ್ಕದ ಮನೆಯವನು ಬಂದ ಹಾಗಾಗುತ್ತೆ. ನಮ್ಮಮ್ಮ ದಿನಾ ಬೈತಾಳೆ, ನಿಮ್ಮ ಹತ್ರ ಮಾತ್ರ ಒಂದು ಬೈಗುಳಾನೂ ಗಿಟ್ಟಿಲ್ಲ" ಎಂದ. ಅವನೂ ಬೇಲಿಯ ಆಚೆ ನಿಂತು ನನ್ನ ಹಾಗೇ ಬೇಜಾರು ಮಾಡಿಕೊಂಡಿದ್ದ ಅಂತ ನನಗೇನು ಗೊತ್ತು?

ಆಮೇಲೆ ಅವನ ಕಣ್ಣು ಬೋರ್ಡಿನ ಮೇಲೆ ಬಿತ್ತು. ಕೆಂಪು ಗುರುತು ನೋಡಿ, "ಒಂದು ಮಾರ್ಕ್ಸ್ ಯಾಕೆ ಕಟ್ಟು ಅತ್ತೆ?" ಎಂದು ಕೇಳಿದ. ಹೇಳಿದೆ. ಟಿಕೆಟ್ಟು ಹಾಕಿಸು ಅಂದದ್ದು ಯಾಕೆ ಅನ್ನುವುದನ್ನೂ ಮುಚ್ಚಿಡದೆ ಹೇಳಿದೆ. ಅವನು ತಲೆ ಹಿಡಿದುಕೊಂಡು ಕಾರ್ಪೆಟ್ಟಿನ ಮೇಲೆ ಕೂತ.

"ಕಾಲೇಜು ಬಿಟ್ಮೇಲೆ ಕೈಯಲ್ಲಿ ಕನ್ನಡ ಬರೆದೇ ಇಲ್ಲ ಅತ್ತೆ. ಇಲ್ಲಿ ಎಲ್ರೂ 'ಗ್ರೌಂಡ್ ಮಾಡ್ಕೊಳ್ಳಿ' ಅಂತಾರೆ. ಗ್ರೌಂಡ್ ಅಂತ ಬರೆದ್ರೆ ನೀವು ಆಟದ ಮೈದಾನ ಅನ್ಕೊಂಡುಬಿಡ್ತೀರ, ಮಾವ ಕೆ.ಇ.ಬಿ.ಯವರು, ಅರ್ಥ್ ಅಂತಾನೇ ಬರೆಯೋಣ, ಅತ್ತೆಗೆ ಥಟ್ಟಂತ ಗೊತ್ತಾಗುತ್ತೆ ಅಂತ ಯೋಚ್ನೆ ಮಾಡಿ ಬರೆದೆ!"

ಮೂವರೂ ನಕ್ಕೆವು. ಯಾಮಿನಿಗೆ ನಗುವಾಗಲೂ ಮೂಗು ಕೆಂಪಗಿತ್ತು. "ಹಾಗಾದ್ರೆ ಟಿಕೆಟ್ಟು?" ಎಂದಳು.

"ಯಾವ ಟಿಕೆಟ್ಟೇ? ಅರ್ಧಾಕ್ಷರ ಬರದೇ ಇರೋನನ್ನ ಹೀಗೇ ಬಿಟ್ಟು ಹೋಗೋಕಾಗುತ್ತಾ? ಏಪ್ರಿಲ್ಲಿಂದೇ ಇರಲಿ" ಎಂದೆ.

ಧನಂಜಯ ಎದ್ದು ಆಂಪ್ಲಿಫೈಯರನ್ನು ಆರಿಸಿ ಮತ್ತೆ ಹಚ್ಚಿದ. ಹಸಿರು ದೀಪ ಬಂತು. ಮುಳ್ಳಿನ ಕಡೆಗೆ ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿ, ನನ್ನ ಕಡೆ ತಿರುಗಿದ.

"ಅತ್ತೆ, ವೀಣೇದು ಇನ್ನೊಂದ್ಸಲ ಹಾಕ್ಲಾ?"

ತನ್ನ ಮನೆಯಲ್ಲಿ, ತನ್ನ ಯಂತ್ರವನ್ನು ಮುಟ್ಟಲು, ನನ್ನನ್ನು ಕೇಳಿದ.

"ಹಾಕು" ಎಂದೆ. "ಮೊದಲು ಸಾಕ್ಸ್ ಬಿಚ್ಚು."